ಘಟನೆ ನಡೆದ ಸ್ಥಳ

ಐದನೇ ಕಲಮಿಗೆ ಬಂದಾಗ
ನನ್ನ ಟೈಪ್‌ರೈಟರು ನಿಂತಿತು.
ಹೆಸರು ಆಗಿತ್ತು: ಪುರ್ಸೋ ನಾಗಾ ಹರಿಕಂತ್ರ.
ವಯಸ್ಸು ಐವತ್ಮೂರು, ವಾಸ ಬೈತಖೋಲ,
ಕೆಲಸ ಬಾರ್ಜಿನಲ್ಲಿ ಹಗ್ಗ ಹಿಡಿಯುವುದು.
ನಷ್ಟ: ಎಡಗೈ ಹೆಬ್ಬೆರಳು, ಬುಡಸಮೇತ.

ಘಟನೆ ನಡೆದ ಸ್ಥಳ?

ಸಮುದ್ರ, ಅಂದ.
ಬರೇ ಸಮುದ್ರ ಅಂದ್ರೆ ಆಗೂದಿಲ್ಲ ಮಾರಾಯಾ,
ಯಾರ ಸಮುದ್ರ?

ಹಗ್ಗದ ಒಂದು ತುದಿ ಧಕ್ಕೆಯ ಗೂಟಕ್ಕಿತ್ತು.
ಧಕ್ಕೆ ರಾಜ್ಯದ್ದು.
ಇನ್ನೊಂದು, ಅರ್ಗಾದ ಗೋಡೆಗೆ ಕಲ್ಲು ಹೊತ್ತು ಹೊರಟ ಬಾರ್ಜಿಗೆ.
ಗೋಡೆ ದಿಲ್ಲಿಯದು.
ವಿಂಚು ಎಳೆದ ಹೊತ್ತಿಗೆ
ನಡುವೆ ಇದ್ದದ್ದು ಪುರ್ಸೋನ ಬೆರಳು.
ಅದು ಯಾರದೂ ಅಲ್ಲ.

ಕಾರವಾರದ ಕಾರ್ಮಿಕ ಸಾಹೇಬರು ಕೆಟ್ಟವರೇನಲ್ಲ,
ಕೂರಿಸಿ ಚಾ ತರಿಸಿದರಂತೆ.
ಕೆಲಸ ನೌಕಾನೆಲೆಯದು, ಅದು ಕೇಂದ್ರ,
ಹುಬ್ಬಳ್ಳಿಗೆ ಹೋಗಿ ಅಂದರಂತೆ.
ಅರಬೈಲ ಘಾಟಿಯಲ್ಲಿ ಎರಡು ಸಲ ವಾಂತಿ ಮಾಡಿಕೊಂಡು
ಹುಬ್ಬಳ್ಳಿ ಮುಟ್ಟಿದರೆ ಅಲ್ಲಿಯ ಬಾಯಿಯವರು
ಪುಸ್ತಕ ತೆರೆದು, ಕನ್ನಡಕ ಏರಿಸಿ,
ಇದು ಸಣ್ಣ ಬಂದರು, ರಾಜ್ಯದ ಬಾಬತ್ತು,
ಗುತ್ತಿಗೆಯ ಲೈಸೆನ್ಸೂ ನಿಮ್ಮೂರಲ್ಲೇ ಆಗಿದೆಯಲ್ಲ, ಅಂದರಂತೆ.
ಎರಡೂ ಕಡೆ ಕಾನೂನು ಸರಿಯಾಗಿಯೇ ಇತ್ತು.
ತಿರುಗಿ ಬರುವಾಗ ಅದೇ ಬಸ್ಸು, ಅದೇ ಕಂಡಕ್ಟರು,
ಈ ಸಲ ಚಿಲ್ಲರೆ ಕೇಳಲಿಲ್ಲ.

ಬೆರಳನ್ನ ಏಡಿ ತಿಂದಿರ್ತದೆ, ಅಂದ ಪುರ್ಸೋ,
ಆ ಏಡಿ ಅಂಕೋಲೆಯ ಯಾರ ಮನೆ ಗಡಿಗೆಯಲ್ಲಿ ಬೆಂದಿದೆಯೋ
ಅಲ್ಲೇ ಹಾಕುವನಾ ಕೇಸು?
ನಾನು ನಕ್ಕೆ. ಶೇವಂತಿ ನಗಲಿಲ್ಲ.

ಕಾಯ್ದೆಯ ಪಟ್ಟಿಯಲ್ಲಿ ಹೆಬ್ಬೆರಳಿಗೆ ಶೇಕಡಾ ಮೂವತ್ತು.
ಉಳಿದ ಎಪ್ಪತ್ತು ಎದುರಿಗೇ ಕೂತಿತ್ತು:
ಬಲೆಯ ಸೂಜಿಗೆ ದಾರ ಏರಿಸಲಾಗದ್ದು,
ಅಂಗಿಯ ಗುಂಡಿಯನ್ನು ಹೆಂಡತಿ ಹಾಕಿದ್ದು,
ಅದೂ ಒಂದು ತೂತು ತಪ್ಪಿ.

ಎರಡು ವರ್ಷದ ಗಡುವಿಗೆ ಹತ್ತೊಂಬತ್ತು ದಿನ ಉಳಿದಿತ್ತು.
ಎರಡು ಹಾಳೆ ಏರಿಸಿದೆ, ನಡುವೆ ಕಾರ್ಬನ್ನು.
ಒಂದು ಕಾರವಾರಕ್ಕೆ, ಒಂದು ಹುಬ್ಬಳ್ಳಿಗೆ.
ಅಚ್ಚಾದದ್ದು ಯಾರಿಗೆ, ನೆರಳು ಯಾರಿಗೆ,
ಅದನ್ನು ಅವನನ್ನೇ ಕೇಳಬೇಕಿತ್ತು. ಕೇಳಲಿಲ್ಲ.
ಐದನೇ ಕಲಮಿನಲ್ಲಿ ಕುಟ್ಟಿದೆ:
ಬೈತಖೋಲ ಧಕ್ಕೆಯಿಂದ ಮೂರು ಮಾರು, ನೀರಿನ ಮೇಲೆ.

ಕೊನೆಗೆ, ಮೂವತ್ತು ವರ್ಷದ ರೂಢಿ ನೋಡಿ,
ಮಸಿಯ ಪ್ಯಾಡು ತೆರೆದು
ಅವನ ಎಡಕ್ಕೆ ಸರಿಸಿದೆ.
ನಮೂನೆಯಲ್ಲಿ ಅಚ್ಚಾಗಿಯೇ ಇದೆ:
ಅರ್ಜಿದಾರನ ಎಡಗೈ ಹೆಬ್ಬೆಟ್ಟು.

ಪುರ್ಸೋ ಪ್ಯಾಡು ನೋಡಿದ.
ಆಮೇಲೆ ನನ್ನ ನೋಡಿದ.
ಕೋರ್ಟಿನ ಎದುರಿನ ಗಾಳಿಮರಗಳಲ್ಲಿ
ಸಮುದ್ರ ಕೇಳಿಸುತ್ತಿತ್ತು,
ಯಾರದ್ದೋ.