ಐಸಿನ ಲೆಕ್ಕದವಳು ಬೋಟು ಆರಿಸಿದ್ದು

ಮಲ್ಪೆಯ ದಕ್ಕೆಯಲ್ಲಿ ಬೋಟುಗಳೆಲ್ಲ
ಒಂದಕ್ಕೊಂದು ಭುಜ ತಾಗಿಸಿ ನಿಂತ ಜುಲೈ.
ಐಸ್ ಪ್ಲಾಂಟಿನಲ್ಲಿ ಕೆಲಸವಿಲ್ಲ.
ಬಿಲ್ ಪುಸ್ತಕಕ್ಕೆ ಮೊಬೈಲು ಒರಗಿಸಿ
ಮೂರು ಹಡಗುಗಳ ಚಿತ್ರ ತಿರುವುತ್ತಿದ್ದೇನೆ.

ಹತ್ತೊಂಬತ್ತು ವರ್ಷ ಇದೇ ಮೇಜು.
ಯಾವ ಬೋಟು ಎಷ್ಟು ದಿನಕ್ಕೆ ಹೋಗುತ್ತದೆಂದು
ತುಂಬಿಸಿಕೊಳ್ಳುವ ಐಸಿನಿಂದಲೇ ಹೇಳಬಲ್ಲೆ.
ಒಂದರಲ್ಲೂ ಒಂದು ರಾತ್ರಿ ಮಲಗಿಲ್ಲ.
ಹೆಂಗಸರು ಹತ್ತಬಾರದು ಅಂತ
ಯಾರೂ ಬಾಯಿಬಿಟ್ಟು ಹೇಳಿದ್ದಿಲ್ಲ;
ಬಾ ಎಂದು ಹಲಗೆ ಇಟ್ಟವರೂ ಇಲ್ಲ.

ಮಾಲ್ದೀವ್ಸಿನ ಕಡೆ ಏಳು ರಾತ್ರಿ,
ಊಟ ನಿದ್ದೆ ಎಲ್ಲ ಹಡಗಿನಲ್ಲೇ,
ದಿನಕ್ಕೆ ಮೂರು ಸಲ ಸಿಲಿಂಡರು ಬೆನ್ನಿಗೆ ಕಟ್ಟಿ ನೀರಿನೊಳಗೆ.
ಮೊದಲನೆಯದು ಚೆಂದ: ಬಿಳಿ ಮಂಚ, ಬಿಸಿನೀರಿನ ತೊಟ್ಟಿ,
ಚಿತ್ರದಲ್ಲಿ ಇರುವವರೆಲ್ಲ ಜೋಡಿ.
ಎರಡನೆಯದರಲ್ಲಿ ಐವತ್ತು ಡೈವ್ ಆದವರಿಗೆ ಮಾತ್ರ ಜಾಗ;
ನನ್ನ ಪುಸ್ತಕದಲ್ಲಿರುವುದು ನೇತ್ರಾಣಿಯ ಹದಿನಾಲ್ಕು,
ಅದರಲ್ಲೊಂದು ಮಾಸ್ಕಿಗೆ ನೀರು ನುಗ್ಗಿ
ಅರ್ಧಕ್ಕೇ ಮೇಲೆ ಬಂದದ್ದು.
ಮೂರನೆಯದು ಹಳತು, ಮರದ್ದು.

ಮೂರಕ್ಕೂ ಒಂದೇ ಕಾನೂನು:
ಕೋಣೆಗೆ ಎರಡು ಹಾಸಿಗೆ. ಒಬ್ಬರೇ ಬಂದರೆ
ಇನ್ನೊಂದರ ಮುಕ್ಕಾಲು ಬಾಡಿಗೆಯೂ ಸೇರಿ.
ಬಾರದವನ ದಿಂಬು, ಬಾರದವನ ಟವೆಲು,
ನನ್ನ ಬೋನಸ್ಸಿನಿಂದ.
ಇಲ್ಲವಾದರೆ ಗುರುತಿಲ್ಲದ ಒಬ್ಬಳ ಪಕ್ಕ ಮಲಗಬೇಕು.
ಅವಳು ಗೊರಕೆ ಹೊಡೆದರೆ? ನಾನು ಹೊಡೆದರೆ?
ನಾನು ಹೊಡೆಯುತ್ತೇನೋ ಇಲ್ಲವೋ
ಹೇಳುವವರು ಈವರೆಗೆ ಸಿಕ್ಕಿಲ್ಲ.

'ಯಾರೊಟ್ಟಿಗೆ?' ಸಿಗಡಿ ಸುಲಿಯುವ ಶೆಡ್ಡಿನ ಅಪ್ಪಿಯಕ್ಕ.
ಒಬ್ಬಳೇ ಎಂದರೆ, 'ಅಲ್ಲ, ಯಾರೊಟ್ಟಿಗೆ?'
ಮೊದಲ ಸಲ ಕಿವಿಗೆ ಬೀಳಲಿಲ್ಲವೆನ್ನುವ ಹಾಗೆ.

ಬಲೆ ಶೆಡ್ಡಿನಲ್ಲಿ ಶೀನ ಮಾಮನಿಗೆ ತೋರಿಸಿದೆ.
ನಲವತ್ತು ವರ್ಷ ತಂಡೇಲನಾಗಿದ್ದವರು, ಈಗ ಕಣ್ಣು ಮಂಜು,
ಬಲೆಯ ಹರಕು ಬೆರಳಿಗೇ ಗೊತ್ತು.
ಮೊಬೈಲು ಮೂಗಿನ ಹತ್ತಿರ ಹಿಡಿದು
ಮಂಚ ನೋಡಲಿಲ್ಲ, ತೊಟ್ಟಿ ನೋಡಲಿಲ್ಲ.
'ಇದರ ಮಂಡೆ ಎತ್ತರ ಹೆಚ್ಚಾಯಿತು, ಅಡ್ಡ ಅಲೆಗೆ ತೂಗಾಡುತ್ತದೆ.
ಇದಕ್ಕೆ ಇಂಜಿನ್ ಎಷ್ಟು? ಸಣ್ಣ ದೋಣಿ ಉಂಟಾ?
ನೀವೆಲ್ಲ ಅಡಿಯಲ್ಲಿದ್ದಾಗ ಮೇಲೆ ಕಾಯುವವ ಯಾರು?
ಅವನಿಗೆ ರಾತ್ರಿ ನಿದ್ದೆ ಸಿಗುತ್ತದಾ?'
ಹಡಗಿನವರಿಗೆ ನಾನು ಬರೆದ ಹನ್ನೆರಡು ಪ್ರಶ್ನೆಯಲ್ಲಿ
ಇದೊಂದೂ ಇರಲಿಲ್ಲ.

ಏನು ನೋಡುವುದಕ್ಕೆ ಎಂದರು.
ತೊರಕೆ ಎಂದೆ, ಕೋಣೆಯಷ್ಟು ಅಗಲದ್ದು.
'ಹಿಡಿಯುವುದಿಲ್ಲವಾ?' ಇಲ್ಲ, ಮುಟ್ಟಲೂ ಬಾರದು.
ಸೂಜಿ ಎರಡು ಕಣ್ಣು ದಾಟುವಷ್ಟು ಹೊತ್ತು ಸುಮ್ಮನಿದ್ದರು.
'ದುಡ್ಡು ಕೊಟ್ಟು,' ಎಂದರು. ನಕ್ಕದ್ದೋ ಕೆಮ್ಮಿದ್ದೋ.

ಮೂರನೆಯದರ ಅಡಿಯ ಕೋಣೆ ಅಗ್ಗ.
ಇಂಜಿನ್ ಪಕ್ಕ, ಸದ್ದು ಇರುತ್ತದೆ ಎಂದು ಎಚ್ಚರಿಸಿದ್ದಾರೆ.
ಪ್ಲಾಂಟಿನ ಹಿಂದೆಯೇ ನನ್ನ ಮನೆ;
ಕಂಪ್ರೆಸರ್ ನಿಂತ ರಾತ್ರಿಯೇ ನನಗೆ ಎಚ್ಚರವಾಗುವುದು.
ಗುರುತಿಲ್ಲದವಳ ಜೊತೆ, ಎಂಬಲ್ಲಿ ಗುರುತು ಹಾಕಿದೆ.

ಅವಘಡವಾದರೆ ಯಾರಿಗೆ ತಿಳಿಸಬೇಕು?
ಐಸ್ ಪ್ಲಾಂಟಿನ ನಂಬರು ಬರೆದೆ.
ಅಳಿಸಿ ಮಾಮನದು ಬರೆದೆ.
ಅವರು ಫೋನು ಎತ್ತುವುದಿಲ್ಲ. ಆದರೂ.
ನೀರಡಿಯ ಜೊತೆಗಾರರನ್ನು ಅಲ್ಲೇ ಗೊತ್ತುಮಾಡುತ್ತಾರಂತೆ:
ನಾಲ್ಕು ಮಾತಾಡುವ ಮೊದಲೇ
ಒಬ್ಬರ ಗಾಳಿ ಇನ್ನೊಬ್ಬರಲ್ಲಿ ಅಡವು.

ಸಂಜೆ ಬೀಗ ಹಾಕುವಾಗ ಮಾಮ ಕರೆದರು.
'ಒಮ್ಮೆ ಕಲ್ಲಿಗೆ ಸಿಕ್ಕಿತು ನೋಡು, ಮೂವತ್ತು ಮಾರು ಆಳ.
ಇಡೀ ಬಲೆ ಕಡಿದು ಬಿಟ್ಟು ಬಂದೆವು.
ಅದಕ್ಕೆ ಮೀನು ಇನ್ನೂ ಬೀಳುತ್ತಿರಬಹುದಾ?'
ಅದು ಇಲ್ಲಿ ಮಾಮ, ನಾನು ಹೋಗುವುದು ದೂರ.
'ಗೊತ್ತುಂಟು. ನನಗೆ ಈಜು ಬರುವುದಿಲ್ಲ,
ಅಡಿ ಹೇಗುಂಟೆಂದು ಒಮ್ಮೆಯೂ ನೋಡಿದವನಲ್ಲ.
ಬಲೆ ನೀಲಿ.
ಅಂಚಿನ ಹಗ್ಗ ಹಸಿರು.'