ಹಾಸಿಗೆ ಇದ್ದಷ್ಟು

ರೀಗಾದಿಂದ ಹೊರಟಾಗ ಚೀಲದಲ್ಲಿ
ಮೂರು ಪ್ರತಿ ನಮೂನೆ, ಎರಡು ಪೆನ್ನು, ಒಂದು ಸುತ್ತೋಲೆ.
ಸುತ್ತೋಲೆ ನಾಲ್ಕು ಪುಟ, ಸಾರ ಇಷ್ಟೇ:
ಹಾಸಿಗೆ ಇದ್ದಷ್ಟು ಕಾಲು ಚಾಚತಕ್ಕದ್ದು.

ಬಸ್ಸಿನ ಗಾಜಿನಾಚೆ ಬರ್ಚ್ ಮರಗಳು
ಬ್ಯಾಂಡೇಜು ಸುತ್ತಿಕೊಂಡು ಸಾಲಾಗಿ ನಿಂತಿದ್ದವು
ಹೆಸರು ಕರೆಯಲೆಂದು ಕಾದವರ ಹಾಗೆ.

ಎಗ್ಲಸಾಲದ ಆಸ್ಪತ್ರೆ. ಎರಡಂತಸ್ತು, ಹಳದಿ ಗೋಡೆ.
ಬಾಗಿಲಲ್ಲೇ ತಡೆದಳು ಹಿರಿಯ ನರ್ಸು ಸ್ಕೈದ್ರೀತೆ:
"ಬೂಟು ಒರೆಸಿಕೊಳ್ಳಿ.
ನೆಲ ಇನ್ನೂ ನಮ್ಮದೇ, ಶುಕ್ರವಾರದ ತನಕ."

ಎಣಿಸಿದೆವು.
ಮಂಚ ಮೂವತ್ತೆಂಟು. ಬೆಡ್‌ಪ್ಯಾನು ಹತ್ತೊಂಬತ್ತು, ಒಂದಕ್ಕೆ ತೂತು.
ಎಕ್ಸ್‌ರೇ ಯಂತ್ರ ಒಂದು, ಸೋವಿಯತ್ ಕಾಲದ್ದು,
ಒದ್ದರೆ ಮಾತ್ರ ಏಳುತ್ತದೆ
(ಇದನ್ನು ಬರೆಯಲು ಜಾಗವಿರಲಿಲ್ಲ).
ಹೆರಿಗೆ ಕೋಣೆಯ ತಕ್ಕಡಿಯ ಮುಳ್ಳು
ಖಾಲಿ ಇದ್ದಾಗಲೂ ಮೂವತ್ತು ಗ್ರಾಂ ತೋರಿಸುತ್ತಿತ್ತು.
"ಈ ಊರಿನವರೆಲ್ಲ," ಎಂದಳು ಸ್ಕೈದ್ರೀತೆ,
"ಹುಟ್ಟುವಾಗಲೇ ಮೂವತ್ತು ಗ್ರಾಂ ಸುಳ್ಳು ಹೇಳಿದವರು."

ಏಳನೇ ಮಂಚಕ್ಕೆ ಒಂದು ಕಾಲು ಗಿಡ್ಡ.
ಅಡಿಗೆ ಮಡಚಿಟ್ಟ ಕಾಗದ. ಬಿಡಿಸಿ ನೋಡಿದರೆ
ಮಿತವ್ಯಯದ ಬಗ್ಗೆ ಹೋದ ವರ್ಷ ನಾವು ಕಳಿಸಿದ್ದು,
ಕೆಳಗೆ ನನ್ನದೇ ಸಹಿ.
ಅವಳು ನಗಲಿಲ್ಲ. "ಉಪಯೋಗಕ್ಕೆ ಬಂತು" ಎಂದಳು.
ಮಡಚಿ ಮತ್ತೆ ಅಲ್ಲೇ ಇಟ್ಟೆ.

ಸಮಜಾಯಿಷಿ ಕೊಡುತ್ತಿಲ್ಲ ನಾನು.
ಖಜಾನೆಯಲ್ಲಿ ದುಡ್ಡು ನಿಜಕ್ಕೂ ಇರಲಿಲ್ಲ.
ಸಾಲ ಕೊಟ್ಟವರು ಒಳ್ಳೆಯ ಕೋಟು ತೊಟ್ಟು ಬಂದು
ನಮ್ಮ ಕಾಫಿ ಕುಡಿದು, ಮೆತ್ತಗೆ ಕೇಳಿದ್ದು ಒಂದೇ:
ಯಾವ ಸಾಲು ಹೊಡೆದುಹಾಕುತ್ತೀರಿ?
ಪಿಂಚಣಿಯ ಸಾಲಿಗೆ ಬೆರಳಿಟ್ಟರೆ ಅಲ್ಲಿ ನನ್ನಮ್ಮ.
ಶಾಲೆಯ ಸಾಲಿಗಿಟ್ಟರೆ ನನ್ನ ಮಗಳು.
ಎಗ್ಲಸಾಲದಲ್ಲಿ ನನಗೆ ಯಾರೂ ಇರಲಿಲ್ಲ.

ಗುಣಾಕಾರ ಸರಿಯಾಗಿತ್ತು, ಎರಡು ಸಲ ತಾಳೆ ನೋಡಿದ್ದೇನೆ.
ಮುಂದಿನ ಆಸ್ಪತ್ರೆಗೆ ನಲವತ್ತೇಳು ಕಿಲೋಮೀಟರು
ಎಂದು ತುಂಬಿದವಳೂ ನಾನೇ.
ಹಿಮ ಎಷ್ಟು ಎಂಬ ಕಾಲಂ ಇರಲಿಲ್ಲ.

ಕೊನೆಯ ಕೋಣೆಯಲ್ಲಿ ಒಬ್ಬರು ಉಳಿದಿದ್ದರು:
ವೋಲ್ದೆಮಾರ್ಸ್, ಕಾಡಿನಲ್ಲಿ ಮರ ಕಡಿದವರು,
ಆರಡಿಯ ಮೇಲೆ ಐದಂಗುಲ.
ಮಂಚ ಮುಗಿದರೂ ಅವರು ಮುಗಿದಿರಲಿಲ್ಲ.
ಹಿಮ್ಮಡಿಯ ಕೆಳಗೊಂದು ಸ್ಟೂಲು, ಸ್ಟೂಲಿನ ಮೇಲೆ ದಿಂಬು,
ಉಣ್ಣೆಯ ಕಾಲುಚೀಲ, ಎಡಕ್ಕೊಂದು ಬಣ್ಣ ಬಲಕ್ಕೊಂದು.
"ಸ್ಟೂಲನ್ನೂ ಬರೆದುಕೊಂಡೆಯಾ ಮಗಳೇ?"
"ಆಸ್ಪತ್ರೆಯದಲ್ಲ ಅದು," ಎಂದಳು ಸ್ಕೈದ್ರೀತೆ,
"ನನ್ನ ಅಡುಗೆಮನೆಯದು. ಅದರ ಮೇಲೆ ಕೂತು
ಬೀಟ್‌ರೂಟ್ ಹೆಚ್ಚುತ್ತಿದ್ದೆ."
ಹಾಗಾದರೆ ಬರೆಯುವಂತಿಲ್ಲ, ಎಂದೆ.
"ಮತ್ತೆ ನನ್ನ ಕಾಲು?" ಮುದುಕ ಕಣ್ಣು ಮಿಟುಕಿಸಿದರು,
"ಅದಕ್ಕೆ ಕಾಲಂ ಇದೆಯಾ?"

ನಕ್ಕೆವು. ಮೂವರೂ.
ಎಷ್ಟು ಹೊತ್ತು ಎಂದರೆ
ಆಮೇಲೆ ನಿಲ್ಲಿಸುವುದು ಹೇಗೆಂದು ತಿಳಿಯದಷ್ಟು.

ಶುಕ್ರವಾರ ಲಾರಿ ಬಂತಂತೆ.

ವಸಂತದಲ್ಲಿ ಕಚೇರಿಯ ವಿಳಾಸಕ್ಕೆ ಒಂದು ಕಾರ್ಡು,
ದುಂಡನೆಯ ಅಕ್ಷರ, ನರ್ಸುಗಳು ಜ್ವರದ ಪಟ್ಟಿ ಬರೆಯುವ ಹಾಗೆ:
ಬಾಯ್ಲರು ಆರಿ ಚಿಮಣಿ ತಣ್ಣಗಾಗಿದೆ,
ಕೊಕ್ಕರೆಗಳು ಅಲ್ಲೇ ಗೂಡು ಕಟ್ಟಿವೆ.
ನಾನು ಈಗ ದಿನಸಿ ಅಂಗಡಿಯಲ್ಲಿದ್ದೇನೆ,
ಜನ ಉಪ್ಪು ಕೊಳ್ಳಲು ಬಂದು ರಕ್ತದೊತ್ತಡ ಕೇಳುತ್ತಾರೆ.
ಸ್ಟೂಲು ಮನೆಗೆ ಬಂತು.

ಅಷ್ಟೇ. ಅವರ ಹೆಸರಿರಲಿಲ್ಲ.

ಆ ಕಾರ್ಡನ್ನು ಯಾವ ಕಡತಕ್ಕೂ ಸೇರಿಸಿಲ್ಲ.
ಮನೆಯಲ್ಲಿ ನನ್ನ ಹಾಸಿಗೆ ಸಾಕಷ್ಟು ಉದ್ದವಿದೆ.
ನಿದ್ದೆಯಲ್ಲಿ ಚಾಚಿದ ಕಾಲು
ಅಂಚು ತಾಗುವ ಮೊದಲೇ
ತಾನಾಗಿ ಹಿಂದೆ ಬರುತ್ತದೆ.