ಹನ್ನೊಂದನೆಯ ಗೂಡು

ಬಸುರಿನ ಇಪ್ಪತ್ತನೇ ದಿನಕ್ಕೆ ಪ್ರೊಜೆಸ್ಟರಾನ್ ಇಳಿಯುತ್ತದೆ.
ಮೆಟ್ಟಿಲಿಳಿದಂತಲ್ಲ, ಹಗ್ಗ ಕೈಜಾರಿ
ಕೊಡ ಬಾವಿಗೆ ಬಿದ್ದಂತೆ.
ನನ್ನದು ಹೆತ್ತ ಮೇಲೆ ಬಿತ್ತು, ಅಳೆದವರಿಲ್ಲ.
ಇಲಿ ಆ ರಾತ್ರಿಯೇ ಗೂಡಿಗೆ ಕೈಹಾಕಿತು.
ಭತ್ತದ ಹೊಟ್ಟು ಬಂದಿರಲಿಲ್ಲ; ಮಶಾಕ್ ಚಾಚಾ
ದಾಲ್ ಮಿಲ್ಲಿನಿಂದ ತೊಗರಿ ಹೊಟ್ಟು ತಂದು ಸುರಿದಿದ್ದ.
ಸಾಲದ್ದಕ್ಕೆ ನನ್ನ ಪ್ರಬಂಧದ ಕರಡಿನಿಂದ ಒಂದು ಹಾಳೆ
ಸರಳಿನ ಸಂದಿಯಲ್ಲಿ ಎಳೆದುಕೊಂಡು ಚೂರುಚೂರು ಮಾಡಿತು:
ಎರಡನೇ ಅಧ್ಯಾಯ, ಪೂರ್ವ ಅಧ್ಯಯನಗಳು.

ಹತ್ತು ಮರಿ. ನಿಯಮದಂತೆ ಎಂಟು ಉಳಿಸಿದೆ.
ಉಳಿದೆರಡಕ್ಕೆ ತಃಖ್ತೆಯಲ್ಲಿ ಕಾಲಮ್ಮಿಲ್ಲ.

ಇವತ್ತು ಹಾಲುಣಿಸುವ ಹತ್ತನೇ ದಿನ.
ಒಂಬತ್ತಕ್ಕೆ ಮರಿಗಳನ್ನು ಬೇರೆ ಟ್ರೇಗೆ ಎತ್ತಿಟ್ಟೆ.
ನಾಲ್ಕು ತಾಸು ಅಗಲಿಸಿದರೆ ಪ್ರೊಲ್ಯಾಕ್ಟಿನ್ ತಳ ಮುಟ್ಟುತ್ತದೆ,
ಆಗ ಬಾಲದಿಂದ ರಕ್ತ; ಮರಿ ಮರಳಿಸಿ,
ಹದಿನೈದು ನಿಮಿಷಕ್ಕೆ ಇನ್ನೊಮ್ಮೆ.
ಅದಕ್ಕೂ ಒಂದು ತಾಸು ಮೊದಲು ಶಹಾಬಜಾರಿನಲ್ಲಿ
ನನ್ನ ಕೂಸನ್ನು ಅತ್ತೆ ಗುರುಬಾಯಿಯ ತೊಡೆಗಿಟ್ಟು ಬಂದಿದ್ದೆ.
ಅದಕ್ಕೆ ನೀತಿ ಸಮಿತಿಯ ಅನುಮತಿ ಬೇಕಾಗಲಿಲ್ಲ.

ಮೇ ತಿಂಗಳು. ಕೂಲರಿನ ನೀರು ಮುಗಿದು ಬರೀ ಧಗೆ.
ಇಲಿಮರಿಯ ಅಳು ನಲವತ್ತು ಕಿಲೋಹರ್ಟ್ಸ್,
ಮನುಷ್ಯರ ಕಿವಿಗೆ ನಿಲುಕುವುದಲ್ಲ.
ತಾಯಿ ಸರಳು ಕಚ್ಚುತ್ತಿತ್ತು.
ನನಗೇನೂ ಕೇಳಿಸಲಿಲ್ಲ.
ರವಿಕೆಗೆ ಕೇಳಿಸಿತು.
ಬಿಳಿ ಕೋಟಿನ ಮೇಲೆ ಎರಡು ಒದ್ದೆ ಗುಂಡು,
ಗಡಿಯಾರದಲ್ಲಿ ಹನ್ನೆರಡೂ ಹತ್ತು.

ಚಾಚಾ ಕಿಟಕಿ ಕಡೆ ತಿರುಗಿದ.
"ಮೇಡಂರೀ, ಊಟಕ್ಕ ಹೋಗಿ ಬರ್ರಿ. ನಾ ಇರ್ತೀನಿ."
ನಲ್ಲಿಯಲ್ಲೂ ಕುದಿಯುವ ನೀರು.
ಸಿಂಕಿಗೆ ಹಿಂಡಿ, ಅದು ಹರಿದುಹೋಗುವುದನ್ನು ನೋಡಿ
ಮುಖ ತೊಳೆದು ಬರುವಷ್ಟರಲ್ಲಿ
ಹನ್ನೊಂದನೆಯ ಗೂಡಿನ ಎಂಟೂ ಮರಿ
ತಾಯಿಯ ಹೊಟ್ಟೆಗೆ ಕಚ್ಚಿಕೊಂಡಿದ್ದವು.

"ಇನ್ನ ಅರ್ಧ ತಾಸಿತ್ತಲ್ಲ ಚಾಚಾ?"
"ಗಡಿಯಾರ ಬಂದ್ ಬಿದ್ದದ ಅನಕೊಂಡೇರಿ."
ಅವನ ತಲೆಯ ಮೇಲೆ ಮುಳ್ಳು
ಟಿಕ್ ಟಿಕ್ ಅನ್ನುತ್ತಲೇ ಇತ್ತು.

ಸೀರಮ್ ಫ್ರೀಜರಿನಲ್ಲಿದೆ.
ತಟ್ಟೆಯ ಗುಳಿಗಳಲ್ಲಿ ಹಳದಿ ಮೂಡುವಾಗ
ಉಳಿದವೆಲ್ಲ ತೆಳ್ಳಗೆ, ಹನ್ನೊಂದು ಮಾತ್ರ ಅರಿಷಿಣ.
ಗೈಡ್ ಸರ್ ಕೆಂಪು ಪೆನ್ನಿನಲ್ಲಿ ಸುತ್ತಿ
"ಇದನ್ನ ತಗದ್ ಹಾಕು" ಅಂತಾರೆ.
ತೆಗೆಯುತ್ತೇನೆ. ಹನ್ನೆರಡು ಇಲಿ ಹನ್ನೊಂದಾಗುತ್ತವೆ.
ಷರಾದಲ್ಲಿ ಈಗಲೇ ಬರೆದಿಟ್ಟಿದ್ದೇನೆ, ಶಾಯಿಯಲ್ಲಿ:
ಮರಿಗಳು ಬೇಗ ಬಂದವು.

ಸೇಡಂ ರಸ್ತೆ. ಸೆರಗು ಎರಡು ಸುತ್ತು ಹೊದ್ದು
ಆಟೋದಲ್ಲಿ ಕೂತಿದ್ದೇನೆ.
"ಅರ್ಜಂಟ್ ಏನ್ರಿ ಅಕ್ಕಾ?" ಕೇಳುತ್ತಾನೆ ಹುಡುಗ.
ಕೆಂಪು ದೀಪದಲ್ಲಿ
ತೊಂಬತ್ತು, ಎಂಬತ್ತೊಂಬತ್ತು, ಎಂಬತ್ತೆಂಟು.